ಕೆನ್ನೆಯ ಮೇಲಿನ ಗಾಯ: ಮುಂದಿನ ಬಾಂಡ್ ಯಾರೆಂಬ ವಾದದ ಬಗ್ಗೆ ಒಂದು ಟಿಪ್ಪಣಿ

ಜೇಮ್ಸ್ ಬಾಂಡ್ ನೋಡಲು ಹೇಗಿದ್ದ ಎನ್ನುವುದಕ್ಕೆ ಸಿಗುವ ಅತ್ಯಂತ ವಿವರವಾದ ದಾಖಲೆಯನ್ನು ಬರೆದಿಟ್ಟವರು ಅವನ ಶತ್ರುಗಳು. ಇಯಾನ್ ಫ್ಲೆಮಿಂಗ್ ಅವರ ‘ಫ್ರಮ್ ರಷ್ಯಾ ವಿತ್ ಲವ್’ ಕಾದಂಬರಿ ಬಂದದ್ದು 1957ರಲ್ಲಿ. ಅದರಲ್ಲಿ ಸ್ಮೆರ್ಶ್ ಎಂಬ ಸೋವಿಯತ್ ಸಂಸ್ಥೆಯ ಹಿರಿಯರು ಬಾಂಡನನ್ನು ಮುಗಿಸುವುದೆಂದು ತೀರ್ಮಾನಿಸಿ ಅವನ ಕಡತ ತರಿಸುತ್ತಾರೆ. ಎತ್ತರ 183 ಸೆಂಟಿಮೀಟರ್, ತೂಕ 76 ಕಿಲೋ. ಸಪೂರ ಮೈಕಟ್ಟು, ನೀಲಿ ಕಣ್ಣು, ಕಪ್ಪು ಕೂದಲು. ಬಲಗೆನ್ನೆಯ ಮೇಲೆ ಉದ್ದಕ್ಕೆ ಇಳಿದ ಗಾಯದ ಗುರುತು, ಎಡಭುಜದ ಮೇಲೆ ಮತ್ತೊಂದು. ಕೈಯ ಹಿಂಬದಿಯಲ್ಲಿ ಪ್ಲಾಸ್ಟಿಕ್ ಸರ್ಜರಿಯ ಕುರುಹು. ಮೊದಲ ಕಾದಂಬರಿ ‘ಕ್ಯಾಸಿನೊ ರೊಯಾಲ್’ ಓದಿದವರಿಗೆ ಈ ಕೊನೆಯ ಕುರುಹು ಎಲ್ಲಿಂದ ಬಂತೆಂದು ಗೊತ್ತು: ಇದೇ ಸಂಸ್ಥೆಯ ಕೊಲೆಗಾರನೊಬ್ಬ ಅಲ್ಲಿ ಚಾಕುವಿನಿಂದ ಒಂದು ಅಕ್ಷರ ಕೊರೆದು ಹೋಗಿದ್ದ.

ಈ ಕಡತವನ್ನು ಮುಂದಿಟ್ಟುಕೊಂಡು, ಮುಂದಿನ ಬಾಂಡ್ ಯಾರಾಗಬೇಕೆಂದು ಅಭಿಮಾನಿಗಳು ನಡೆಸುವ ವಾದವನ್ನು ಓದಬೇಕು ಅನ್ನಿಸಿ ಈ ಟಿಪ್ಪಣಿ ಬರೆಯುತ್ತಿದ್ದೇನೆ. ಯಾರು ಆಗಬೇಕೆಂದು ಹೇಳುವುದು ನನ್ನ ಉದ್ದೇಶವಲ್ಲ. ‘ಇವನು ಬಾಂಡ್ ಅಲ್ಲ’ ಎಂದು ಒಬ್ಬರು ಅಷ್ಟು ಖಚಿತವಾಗಿ ಹೇಳುವಾಗ ಅವರ ಕಣ್ಣಮುಂದಿರುವ ಮೂಲಪ್ರತಿ ಯಾವುದು ಎಂಬುದಷ್ಟೇ ನನ್ನ ಪ್ರಶ್ನೆ.

ವಾದಕ್ಕೆ ಈಗಿನ ಕಾವು ಬಂದದ್ದು ಹೇಗೆಂದು ಬೇಗ ಹೇಳಿ ಮುಗಿಸುತ್ತೇನೆ. 2021ರಲ್ಲಿ ತೆರೆಕಂಡ ‘ನೋ ಟೈಮ್ ಟು ಡೈ’ ಡೇನಿಯಲ್ ಕ್ರೇಗ್ ಅವರ ಐದನೆಯ ಮತ್ತು ಕೊನೆಯ ಬಾಂಡ್ ಚಿತ್ರ. ಅದರ ಕೊನೆಗೆ ಬಾಂಡ್ ಸಾಯುತ್ತಾನೆ. ಆದರೆ ಹೆಸರುಗಳೆಲ್ಲ ಮುಗಿದ ಮೇಲೆ, ಜೇಮ್ಸ್ ಬಾಂಡ್ ಮತ್ತೆ ಬರುತ್ತಾನೆ ಎಂಬ ಎಂದಿನ ಸಾಲೂ ತೆರೆಯ ಮೇಲೆ ಮೂಡುತ್ತದೆ. 2022ರಲ್ಲಿ ಅಮೆಜಾನ್ ಸುಮಾರು 850 ಕೋಟಿ ಡಾಲರ್ ಕೊಟ್ಟು ಎಂಜಿಎಂ ಸ್ಟುಡಿಯೊವನ್ನು ಕೊಂಡಿತು. 2025ರ ಫೆಬ್ರವರಿಯಲ್ಲಿ, ಅದುವರೆಗೆ ಬ್ರೊಕೊಲಿ ಕುಟುಂಬದ ಹಿಡಿತದಲ್ಲಿದ್ದ ಸೃಜನಾತ್ಮಕ ಅಧಿಕಾರ ಅಮೆಜಾನ್ ಎಂಜಿಎಂ ಪಾಲಾಯಿತು. ಮಾರ್ಚ್‌ನಲ್ಲಿ ಏಮಿ ಪ್ಯಾಸ್ಕಲ್ ಮತ್ತು ಡೇವಿಡ್ ಹೇಮನ್ ನಿರ್ಮಾಪಕರೆಂದು ಗೊತ್ತಾಯಿತು. ಜೂನ್‌ನಲ್ಲಿ ನಿರ್ದೇಶಕ ಡೆನಿ ವಿಲ್ನೆವ್ ಅವರ ಹೆಸರು, ಜುಲೈ ಕೊನೆಗೆ ಚಿತ್ರಕಥೆಗಾರ ಸ್ಟೀವನ್ ನೈಟ್ ಅವರ ಹೆಸರು ಬಂತು. ಈ ಯಾವ ಪ್ರಕಟಣೆಯಲ್ಲೂ ನಟನ ಹೆಸರಿರಲಿಲ್ಲ. ಆ ಖಾಲಿ ಜಾಗದಲ್ಲಿ ಆರನ್ ಟೇಲರ್-ಜಾನ್ಸನ್, ಥಿಯೊ ಜೇಮ್ಸ್, ಜ್ಯಾಕ್ ಲೌಡನ್, ಕ್ಯಾಲಮ್ ಟರ್ನರ್, ಹೆನ್ರಿ ಕ್ಯಾವಿಲ್, ಇಡ್ರಿಸ್ ಎಲ್ಬಾ ಎಂದು ಹೆಸರುಗಳು ಬಂದು ಬಂದು ಹೋದವು.

ಇನ್ನು ಆ ಮೂಲಪ್ರತಿಯ ಮಾತು. 2005ರ ಅಕ್ಟೋಬರ್ 14ರಂದು ಡೇನಿಯಲ್ ಕ್ರೇಗ್ ಅವರನ್ನು ಲಂಡನ್ನಿನಲ್ಲಿ ಪತ್ರಕರ್ತರ ಮುಂದೆ ತಂದರು. ರಾಯಲ್ ಮರೀನ್ಸ್ ದಳದವರು ಥೇಮ್ಸ್ ನದಿಯ ಮೇಲೆ ವೇಗದ ದೋಣಿಯಲ್ಲಿ ಅವರನ್ನು ಕರೆತಂದರು. ಸೂಟಿನ ಮೇಲೆ ಅವರು ಲೈಫ್ ಜಾಕೆಟ್ ತೊಟ್ಟಿದ್ದರು. ಮರುದಿನದ ಪತ್ರಿಕೆಗಳು ಲೈಫ್ ಜಾಕೆಟ್ಟನ್ನೂ ಬಿಡಲಿಲ್ಲ, ಕೂದಲನ್ನೂ ಬಿಡಲಿಲ್ಲ. ಹೊಂಬಣ್ಣದ ಕೂದಲಿನ ಬಾಂಡ್ ಎಲ್ಲಾದರೂ ಉಂಟೇ ಎಂದು ಕೆಲವು ಅಭಿಮಾನಿಗಳು ಚಿತ್ರವನ್ನೇ ಬಹಿಷ್ಕರಿಸಲು ಕರೆಕೊಟ್ಟರು. ಪುಸ್ತಕದಲ್ಲಿ ಕಪ್ಪು ಕೂದಲು ಎಂದಿದೆ, ನೋಡಿ ಎಂಬುದು ಅವರ ಆಧಾರ.

ಪುಸ್ತಕದಲ್ಲಿ ಹಾಗೆಯೇ ಇದೆ, ಒಪ್ಪಿದೆ. ಅದೇ ಕಡತದಲ್ಲಿ ಕೆನ್ನೆಯ ಗಾಯವೂ ಇದೆ. 1962ರಿಂದ 2021ರವರೆಗೆ ಈಯಾನ್ ಪ್ರೊಡಕ್ಷನ್ಸ್ ಸಂಸ್ಥೆ ತೆಗೆದ 25 ಚಿತ್ರಗಳಲ್ಲಿ ಆರು ಮಂದಿ ನಟರು ಬಾಂಡ್ ಆಗಿದ್ದಾರೆ. ಫ್ಲೆಮಿಂಗ್ ಬರೆದ ಆ ಗಾಯ ಯಾರ ಬಲಗೆನ್ನೆಯ ಮೇಲೂ ಇಲ್ಲ. ಮೇಕಪ್ ಪೆಟ್ಟಿಗೆಯಲ್ಲಿ ಹತ್ತು ನಿಮಿಷದ ಕೆಲಸ ಅದು. ಅದಿಲ್ಲವೆಂದು ಯಾರೂ ಚಿತ್ರಮಂದಿರದಿಂದ ಎದ್ದು ಹೋಗಲಿಲ್ಲ. ನೀಲಿ ಕಣ್ಣಿನ ವಿಷಯವೂ ಹಾಗೇ. ಶಾನ್ ಕಾನರಿ ಅವರ ಕಣ್ಣು ಕಂದು. ರಾಜರ್ ಮೂರ್ ಅವರ ಕೂದಲು ತಿಳಿಗಂದು. ಕಾನರಿ ಅವರ ಕಪ್ಪು ಕೂದಲಂತೂ ಬಾಂಡ್ ಚಿತ್ರಗಳ ಮಟ್ಟಿಗೆ ಟೋಪನ್ನಿನದು. ಕಡತದಲ್ಲಿರುವ ನೀಲಿ ಕಣ್ಣು ಬಹಿಷ್ಕಾರಕ್ಕೆ ಗುರಿಯಾದ ಕ್ರೇಗ್ ಅವರಿಗೇ ಇತ್ತು. ಮೂಲಕ್ಕೆ ನಿಷ್ಠರಾಗಿರಿ ಎಂದು ಕೇಳಿದವರು ಮೂಲದಲ್ಲಿ ತಮಗೆ ಬೇಕಾದ ಒಂದು ಸಾಲನ್ನು ಮಾತ್ರ ಓದಿದ್ದರು.

ಇದನ್ನು ಅವರ ತಪ್ಪೆಂದು ನಾನು ಹೇಳುತ್ತಿಲ್ಲ. ಹಳೆಯ ಕಾವ್ಯಗಳ ಹಸ್ತಪ್ರತಿಗಳ ಜೊತೆ ಕೆಲಸ ಮಾಡಿದವರಿಗೆ ಇದು ಪರಿಚಿತ ಸಂಗತಿ. ಓದುಗನಿಗೆ ಮೊದಲು ಬಾಯಿಪಾಠವಾದ ಪಾಠವೇ ಶುದ್ಧಪಾಠ. ಆಮೇಲೆ ಎಷ್ಟು ಹಳೆಯ ಓಲೆ ತಂದು ತೋರಿಸಿದರೂ ಅದು ಪಾಠಾಂತರವೇ. ಬಾಂಡ್ ಅಭಿಮಾನಿಯ ಮೂಲಪ್ರತಿ ಅವನು ಹತ್ತು ಹನ್ನೆರಡನೆಯ ವಯಸ್ಸಿನಲ್ಲಿ ತೆರೆಯ ಮೇಲೆ ಕಂಡ ಮನುಷ್ಯ. ಉಳಿದವರನ್ನೆಲ್ಲ ಅವನು ಆ ಪ್ರತಿಗೆ ಹೋಲಿಸಿಯೇ ಓದುತ್ತಾನೆ.

ಲೇಖಕನ ಕಲ್ಪನೆಯೇ ಕೊನೆಯ ಮಾತು ಎನ್ನುವವರೂ ಇದ್ದಾರೆ. ಅವರಿಗೆ ಎರಡು ಸಂಗತಿ ತೋರಿಸಬೇಕು. ‘ಕ್ಯಾಸಿನೊ ರೊಯಾಲ್’ನಲ್ಲಿ ಬಾಂಡನನ್ನು ನೋಡಿದಾಗ ನಾಯಕಿ ವೆಸ್ಪರ್‌ಗೆ ನೆನಪಾಗುವುದು ಹೋಗಿ ಕಾರ್ಮೈಕಲ್. ಅವರು ಅಮೆರಿಕದ ಹಾಡುಗಾರ, ಪಿಯಾನೊ ವಾದಕ. ಉದ್ದ ಮುಖದ, ಸಣಕಲು ದೇಹದ ಮನುಷ್ಯ. ಇವತ್ತಿನ ಯಾವ ಅಭಿಮಾನಿಯ ಪಟ್ಟಿಯಲ್ಲೂ ಅಂಥ ಮುಖಕ್ಕೆ ಜಾಗವಿಲ್ಲ. ಎರಡನೆಯದು, ‘ಡೈಲಿ ಎಕ್ಸ್‌ಪ್ರೆಸ್’ ಪತ್ರಿಕೆಯಲ್ಲಿ ಬಾಂಡ್ ಕಾಮಿಕ್ ಪಟ್ಟಿ 1958ರಲ್ಲಿ ಶುರುವಾದಾಗ ನಡೆದದ್ದು. ತನ್ನ ಬಾಂಡ್ ಹೀಗಿದ್ದಾನೆ ಎಂದು ತೋರಿಸಲು ಫ್ಲೆಮಿಂಗ್ ಒಂದು ರೇಖಾಚಿತ್ರ ಬರೆಸಿ ಕೊಟ್ಟರು. ಕಲಾವಿದ ಜಾನ್ ಮೆಕ್ಲಸ್ಕಿ ಅವರಿಗೆ ಆ ಮುಖ ಯುದ್ಧಕ್ಕೆ ಮುಂಚಿನ ಕಾಲದ್ದು ಅನ್ನಿಸಿತು. ಅದನ್ನು ಬದಿಗಿಟ್ಟು ಹೆಚ್ಚು ಒರಟಾದ ಮುಖವೊಂದನ್ನು ಬರೆದರು. ಲೇಖಕ ಬದುಕಿರುವಾಗಲೇ, ಮೊದಲ ಚಿತ್ರಕ್ಕೆ ನಾಲ್ಕು ವರ್ಷ ಮುಂಚೆಯೇ, ಅವರ ಬಾಂಡ್ ಅವರ ಕೈಬಿಟ್ಟು ಹೋಗಿದ್ದ.

ವಯಸ್ಸಿನ ವಾದದಲ್ಲೂ ಪುಸ್ತಕ ಸ್ಪಷ್ಟವಾಗಿದೆ. 1955ರ ‘ಮೂನ್‌ರೇಕರ್’ ಪ್ರಕಾರ 00 ವಿಭಾಗದವರು 45 ದಾಟಿದ ಮೇಲೆ ಆ ಕೆಲಸದಲ್ಲಿರುವಂತಿಲ್ಲ. ಬಾಂಡನಿಗೆ ಇನ್ನೂ ಎಂಟು ವರ್ಷ ಬಾಕಿಯಿದೆ, ಅಂದರೆ ಅವನಿಗೆ 37. ರಾಜರ್ ಮೂರ್ 1973ರಲ್ಲಿ ‘ಲಿವ್ ಅಂಡ್ ಲೆಟ್ ಡೈ’ ಮೂಲಕ ಬಾಂಡ್ ಆದಾಗ ಅವರಿಗೆ ಸರಿಯಾಗಿ 45. ಬಾಂಡನಿಗೆ ಫ್ಲೆಮಿಂಗ್ ನಿವೃತ್ತಿ ಕೊಟ್ಟ ವಯಸ್ಸಿನಲ್ಲಿ ಅವರು ಸೇವೆಗೆ ಸೇರಿದರು. 57ರವರೆಗೆ, ಏಳು ಚಿತ್ರ ಮಾಡಿದರು. ನಮ್ಮಲ್ಲೂ ಒಂದು ತಲೆಮಾರಿಗೆ ಬಾಂಡ್ ಅಂದರೆ ಅವರೇ. ಹೆನ್ರಿ ಕ್ಯಾವಿಲ್ ಅವರದು ಇದರ ತಿರುಗುಮುರುಗು ಕಥೆ. 2005ರಲ್ಲಿ ಅವರು ಕ್ರೇಗ್ ಜೊತೆ ಕೊನೆಯ ಸುತ್ತಿನವರೆಗೆ ಬಂದು, 22 ವರ್ಷ ತೀರ ಚಿಕ್ಕದು ಎಂಬ ಕಾರಣಕ್ಕೆ ಹಿಂದೆ ಬಿದ್ದರು. ಈಗ ಅವರ ಹೆಸರು ಬಂದಾಗಲೆಲ್ಲ ವಯಸ್ಸಾಯಿತು ಎನ್ನುತ್ತಾರೆ. 2025ಕ್ಕೆ ಅವರಿಗೆ 42. 1995ರಲ್ಲಿ ‘ಗೋಲ್ಡನ್‌ಐ’ ಬಂದಾಗ ಪಿಯರ್ಸ್ ಬ್ರಾಸ್ನನ್ ಅವರಿಗೂ 42.

ಬಾಂಡ್ ಇಂಗ್ಲಿಷ್ ಮನುಷ್ಯನೇ ಆಗಿರಬೇಕು ಎನ್ನುವ ವಾದ ಇನ್ನೂ ದುರ್ಬಲ. ಕಾನರಿ ಸ್ಕಾಟ್ಲೆಂಡಿನ ಎಡಿನ್‌ಬರೋದವರು. ಜಾರ್ಜ್ ಲೇಜನ್‌ಬಿ ಆಸ್ಟ್ರೇಲಿಯಾದವರು. ತಿಮೊತಿ ಡಾಲ್ಟನ್ ಹುಟ್ಟಿದ್ದು ವೇಲ್ಸ್‌ನಲ್ಲಿ, ಬ್ರಾಸ್ನನ್ ಐರ್ಲೆಂಡಿನಲ್ಲಿ. ಇಂಗ್ಲೆಂಡಿನಲ್ಲಿ ಹುಟ್ಟಿದವರು ಆರರಲ್ಲಿ ಇಬ್ಬರೇ, ಮೂರ್ ಮತ್ತು ಕ್ರೇಗ್. ಪುಸ್ತಕದ ಬಾಂಡನ ತಂದೆ ಸ್ಕಾಟ್ಲೆಂಡಿನವನು, ತಾಯಿ ಸ್ವಿಸ್.

ಈ ತಂದೆತಾಯಿಯ ವಿವರದ ಬಗ್ಗೆ ಒಂದು ಮಾತು ಚಾಲ್ತಿಯಲ್ಲಿದೆ: ಕಾನರಿ ಅವರ ಅಭಿನಯಕ್ಕೆ ಮಾರುಹೋಗಿ ಫ್ಲೆಮಿಂಗ್ ಬಾಂಡನಿಗೆ ಸ್ಕಾಟಿಷ್ ಮೂಲ ಕೊಟ್ಟರು ಎಂದು. ಇದನ್ನು ಹೀಗೆಯೇ ಒಪ್ಪಲು ಕಾಲಕ್ರಮ ಬಿಡುವುದಿಲ್ಲ. ಆ ವಿವರ ‘ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್’ ಕಾದಂಬರಿಯಲ್ಲೇ ಬರುತ್ತದೆ. ಅದನ್ನು ಫ್ಲೆಮಿಂಗ್ ಬರೆದದ್ದು 1962ರ ಆರಂಭದಲ್ಲಿ, ಜಮೈಕಾದ ತಮ್ಮ ಮನೆ ಗೋಲ್ಡನ್‌ಐನಲ್ಲಿ. ಆಗ ‘ಡಾಕ್ಟರ್ ನೋ’ ಚಿತ್ರೀಕರಣ ಅದೇ ದ್ವೀಪದಲ್ಲಿ ನಡೆಯುತ್ತಿತ್ತು. ಚಿತ್ರ ತೆರೆಕಂಡದ್ದು ಅಕ್ಟೋಬರ್ 5ರಂದು. ಅಂದರೆ ಬರೆಯುವ ಹೊತ್ತಿಗೆ ಪಾತ್ರಕ್ಕೆ ಸ್ಕಾಟಿಷ್ ನಟ ಬಂದಿದ್ದ, ಆದರೆ ಆ ನಟನ ಯಶಸ್ಸು ಇನ್ನೂ ಬಂದಿರಲಿಲ್ಲ. ಫ್ಲೆಮಿಂಗ್ ಅವರ ಅಜ್ಜ ರಾಬರ್ಟ್ ಫ್ಲೆಮಿಂಗ್ ಸ್ವತಃ ಡಂಡೀ ಊರಿನ ಬ್ಯಾಂಕರ್ ಎಂಬುದನ್ನೂ ಮರೆಯಬಾರದು. ಆದರೂ ಲೇಖಕ ಚಿತ್ರೀಕರಣವನ್ನು ಕಣ್ತೆರೆದು ನೋಡುತ್ತಿದ್ದರು ಎನ್ನುವುದಕ್ಕೆ ಸಾಕ್ಷಿ ಅದೇ ಕಾದಂಬರಿಯಲ್ಲಿದೆ: ಆಲ್ಪ್ಸ್ ಬೆಟ್ಟದ ಮೇಲಿನ ಹೋಟೆಲಿನ ಅತಿಥಿಗಳ ನಡುವೆ ಉರ್ಸುಲಾ ಆಂಡ್ರೆಸ್ ಎಂಬ ಚಿತ್ರನಟಿ ಕೂತಿದ್ದಾಳೆ. ‘ಡಾಕ್ಟರ್ ನೋ’ ನಾಯಕಿಯೇ ಆಕೆ. ತೆರೆಯಿಂದ ಪುಟಕ್ಕೆ ಪ್ರಭಾವ ಹರಿದದ್ದು ನಿಜ. ಎಷ್ಟು ಹರಿಯಿತೆಂದು ಅಳೆಯುವಾಗ ಕೈ ಬಿಗಿಹಿಡಿಯಬೇಕು.

ಕಾನರಿ ಅವರ ವಿಷಯಕ್ಕೆ ಬಂದಾಗ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಇವತ್ತಿನ ವಾದದ ಗಂಟು ಇಲ್ಲೇ ಇದೆ. ಅವರು ಎಡಿನ್‌ಬರೋದ ಫೌಂಟನ್‌ಬ್ರಿಜ್ ಎಂಬ ದುಡಿಯುವವರ ಬಡಾವಣೆಯಲ್ಲಿ ಬೆಳೆದವರು. ತಂದೆ ಕಾರ್ಖಾನೆ ಕೆಲಸಗಾರ, ಲಾರಿ ಚಾಲಕ. ತಾಯಿ ಮನೆಗಳನ್ನು ಗುಡಿಸಿ ಒರೆಸುತ್ತಿದ್ದವರು. ಮಗ ಹಾಲು ಹಾಕಿದರು, ಶವಪೆಟ್ಟಿಗೆಗಳಿಗೆ ಪಾಲಿಷ್ ಹೊಡೆದರು, ದೇಹದಾರ್ಢ್ಯ ಸ್ಪರ್ಧೆಯಲ್ಲಿ ನಿಂತರು. ಅವರನ್ನು ಆಯ್ಕೆ ಮಾಡಿದಾಗ ಫ್ಲೆಮಿಂಗ್ ಅವರಿಗೆ ಸಮಾಧಾನವಾಗಲಿಲ್ಲ. ತಾನು ಬರೆದ ನೌಕಾಪಡೆಯ ಕಮಾಂಡರ್ ಎಲ್ಲಿ, ಈ ದಾಂಡಿಗ ಎಲ್ಲಿ ಎಂಬುದು ಅವರ ಆಕ್ಷೇಪದ ತಿರುಳು. ನಿರ್ದೇಶಕ ಟೆರೆನ್ಸ್ ಯಂಗ್ ಕಾನರಿ ಅವರನ್ನು ತಮ್ಮ ದರ್ಜಿ ಆಂಥೊನಿ ಸಿಂಕ್ಲೇರ್ ಬಳಿಗೆ ಕರೆದೊಯ್ದರು. ಸೂಟು ಹೊಲಿಸಿದರು, ಶರ್ಟು ಕೊಡಿಸಿದರು, ಹೇಗೆ ನಡೆಯಬೇಕು, ಹೇಗೆ ಊಟಕ್ಕೆ ಕೂರಬೇಕು ಎಂಬುದನ್ನು ಹೇಳಿಕೊಟ್ಟರು. ಜಗತ್ತು ಬಾಂಡನ ಹುಟ್ಟುಗುಣವೆಂದು ನಂಬಿದ ಠೀವಿ ಲಂಡನ್ನಿನ ಒಂದು ದರ್ಜಿಯಂಗಡಿಯಲ್ಲಿ ಅಳತೆ ಕೊಟ್ಟು ಹೊಲಿಸಿದ್ದು.

ಇದನ್ನು ಇಡ್ರಿಸ್ ಎಲ್ಬಾ ಅವರ ಪಕ್ಕದಲ್ಲಿಟ್ಟು ನೋಡಿ. 2014ರ ಕೊನೆಗೆ ಸೋನಿ ಕಂಪನಿಯ ಇಮೇಲ್‌ಗಳನ್ನು ಕದ್ದು ಬಯಲಿಗಿಟ್ಟರಲ್ಲ, ಅದರಲ್ಲಿ ಮುಂದಿನ ಬಾಂಡ್ ಎಲ್ಬಾ ಅವರೇ ಆಗಬೇಕೆಂದು ಬರೆದ ಒಂದು ಪತ್ರವಿತ್ತು. ಬರೆದವರು ಆಗ ಸೋನಿಯಲ್ಲಿದ್ದ ಏಮಿ ಪ್ಯಾಸ್ಕಲ್, ಅಂದರೆ ಈಗ ಮುಂದಿನ ಬಾಂಡನನ್ನು ಹುಡುಕುವ ಹೊಣೆ ಹೊತ್ತ ಇಬ್ಬರಲ್ಲಿ ಒಬ್ಬರು. ಎಲ್ಬಾ ಲಂಡನ್ನಿನ ಹ್ಯಾಕ್ನಿಯಲ್ಲಿ ಹುಟ್ಟಿದವರು. ತಂದೆ ಸಿಯೆರಾ ಲಿಯೋನ್‌ನವರು, ತಾಯಿ ಘಾನಾದವರು. 2015ರಲ್ಲಿ ಬಾಂಡ್ ಕಾದಂಬರಿಯೊಂದನ್ನು ಬರೆದ ಆಂಥೊನಿ ಹೊರೊವಿಟ್ಜ್, ಎಲ್ಬಾ ಅವರಲ್ಲಿ ಬೀದಿಯ ಒರಟುತನ ಹೆಚ್ಚು, ನಯ ಸಾಲದು ಎಂಬರ್ಥದ ಮಾತಾಡಿ ಆಮೇಲೆ ಕ್ಷಮೆ ಕೇಳಿದರು. ಅವರು ಕ್ಷಮೆ ಕೇಳಿದ್ದು ಸರಿಯೇ. ನನಗೆ ಮುಖ್ಯವಾಗಿ ಕಾಣುವುದು ಆಕ್ಷೇಪದ ಮಾತು. ಬೀದಿಯವನು, ನಯವಿಲ್ಲದವನು ಎಂಬುದನ್ನು ಒಂದು ಕಾಲಕ್ಕೆ ಹಾಲು ಹಾಕುತ್ತಿದ್ದ ಹುಡುಗನ ಬಗ್ಗೆಯೂ 1961ರಲ್ಲಿ ಹೇಳಿದ್ದರು. ಆತ ಬಿಳಿಯನಾಗಿದ್ದರಿಂದ ಸೂಟು ಹೊಲಿಸಿದ ಮೇಲೆ ಆ ಮಾತು ಮರೆತುಹೋಯಿತು. ಚರ್ಮದ ಬಣ್ಣ ಪುಸ್ತಕದಲ್ಲಿದೆ ಎನ್ನುವವರಿಗೆ ನಾನು ಮತ್ತೆ ಗಾಯದ ಗುರುತನ್ನೇ ತೋರಿಸಬೇಕಾಗುತ್ತದೆ. ದೇವ್ ಪಟೇಲ್, ರಿಜ್ ಅಹ್ಮದ್ ಹೆಸರು ಬಂದಾಗಲೂ ಇದೇ ಉತ್ತರ.

ಹೆಣ್ಣು ಬಾಂಡ್ ಆಗಬಹುದೇ ಎಂಬ ಪ್ರಶ್ನೆಗೆ ಆಗಿನ ನಿರ್ಮಾಪಕಿ ಬಾರ್ಬರಾ ಬ್ರೊಕೊಲಿ 2020ರಲ್ಲೇ ಉತ್ತರಿಸಿದ್ದರು: ಬಣ್ಣ ಯಾವುದಾದರೂ ಆಗಬಹುದು, ಬಾಂಡ್ ಗಂಡಸು, ಹೆಣ್ಣಿಗೆ ಅವಳದೇ ಹೊಸ ಪಾತ್ರ ಬರೆಯಬೇಕು. ನನಗೂ ಇದು ಸರಿ ಅನ್ನಿಸುತ್ತದೆ. ‘ನೋ ಟೈಮ್ ಟು ಡೈ’ಯಲ್ಲಿ ಲಶಾನಾ ಲಿಂಚ್ ಅವರ ನೋಮಿ 007 ಸಂಖ್ಯೆಯನ್ನು ಹೊತ್ತು ಓಡಾಡುತ್ತಾಳೆ. ಸಂಖ್ಯೆ ಕೈಬದಲಾಗುತ್ತದೆ, ಮನುಷ್ಯ ಬೇರೆ. ‘ಜೇಮ್ಸ್ ಬಾಂಡ್’ ಎಂಬುದೂ ಒಬ್ಬರಿಂದೊಬ್ಬರಿಗೆ ದಾಟುವ ಗುಪ್ತನಾಮ, ಹಾಗಾಗಿಯೇ ನಟರು ಬದಲಾಗುತ್ತಾರೆ ಎಂದು ಕೆಲವು ಅಭಿಮಾನಿಗಳು ಬಹಳ ಜಾಣತನದಿಂದ ವಾದಿಸುತ್ತಾರೆ. ಚಿತ್ರಗಳೊಳಗಿನ ಗೋರಿಕಲ್ಲುಗಳು ಇದನ್ನು ಒಪ್ಪುವುದಿಲ್ಲ. 1969ರಲ್ಲಿ ಲೇಜನ್‌ಬಿಯ ಬಾಂಡ್ ಮದುವೆಯಾದ ಟ್ರೇಸಿ ಅದೇ ದಿನ ಗುಂಡೇಟಿಗೆ ಬಲಿಯಾಗುತ್ತಾಳೆ. 1981ರ ‘ಫಾರ್ ಯುವರ್ ಐಸ್ ಓನ್ಲಿ’ ಶುರುವಾಗುವುದು ಮೂರ್ ಅವರ ಬಾಂಡ್ ಅವಳ ಸಮಾಧಿಗೆ ಹೂ ಇಡುವುದರಿಂದ. 2012ರ ‘ಸ್ಕೈಫಾಲ್’ನಲ್ಲಿ ಬಾಂಡ್ ದಂಪತಿಯ, ಅವನ ತಂದೆತಾಯಿಯ, ಗೋರಿ ಸ್ಕಾಟ್ಲೆಂಡಿನ ಮನೆಯ ಬಳಿಯೇ ಇದೆ. ಹೆಂಡತಿಯ ಸಾವನ್ನೂ ತಂದೆತಾಯಿಯ ಹೆಸರನ್ನೂ ಗುಪ್ತನಾಮದ ಜೊತೆ ಯಾರೂ ಬಳುವಳಿಯಾಗಿ ಪಡೆಯುವುದಿಲ್ಲ.

ಇಷ್ಟೆಲ್ಲ ವಾದ ನಡೆಯುವಾಗ ಆಯ್ಕೆ ನಿಜಕ್ಕೂ ನಡೆದದ್ದು ಹೇಗೆ? ಜನರನ್ನು ಕೇಳಿ ನೋಡಿದ ಒಂದು ಪ್ರಯೋಗವಿದೆ. 1961ರಲ್ಲಿ ಬಾಂಡನನ್ನು ಹುಡುಕಲು ಒಂದು ಸ್ಪರ್ಧೆ ನಡೆಸಿದರು. ಆರು ಮಂದಿ ಕೊನೆಗೆ ಉಳಿದರು, 28 ವರ್ಷದ ಮಾಡೆಲ್ ಒಬ್ಬರು ಗೆದ್ದರು. ಮುಖ ಚೆನ್ನಾಗಿತ್ತು, ಆದರೆ ಪಾತ್ರವನ್ನು ಹೊರುವ ಶಕ್ತಿ ಸಾಲದೆಂದು ಬಿಟ್ಟರು. ಕಾನರಿ ಬಂದದ್ದು ಆ ದಾರಿಯಿಂದಲ್ಲ.

1968ರಲ್ಲಿ ಕಾನರಿ ಜಾಗಕ್ಕೆ ಐವರು ಕೊನೆಯ ಸುತ್ತಿನಲ್ಲಿದ್ದರು. ‘ಲೈಫ್’ ಪತ್ರಿಕೆ ಐವರ ಚಿತ್ರಗಳನ್ನೂ ಅಚ್ಚುಹಾಕಿತ್ತು. ಗೆದ್ದ ಲೇಜನ್‌ಬಿ ಚಾಕೊಲೇಟ್ ಜಾಹೀರಾತಿನ ಮಾಡೆಲ್. ಅವರೇ ಹೇಳಿಕೊಂಡಿರುವ ಪ್ರಕಾರ ಕಾನರಿ ಅವರಿಗಾಗಿ ಸಿಂಕ್ಲೇರ್ ಅಂಗಡಿಯಲ್ಲಿ ಹೊಲಿದು ಉಳಿದುಹೋಗಿದ್ದ ಸೂಟನ್ನು ಕೊಂಡು, ರೋಲೆಕ್ಸ್ ಗಡಿಯಾರ ಕಟ್ಟಿಕೊಂಡು, ಬಾಂಡನಂತೆ ಕೂದಲು ಕತ್ತರಿಸಿಕೊಂಡು ನಿರ್ಮಾಪಕರ ಮುಂದೆ ನಿಂತರು. ಕಾದಾಟದ ಪರೀಕ್ಷೆಯಲ್ಲಿ ಎದುರಾಳಿ ಸ್ಟಂಟ್ ಕಲಾವಿದನ ಮೂಗಿಗೆ ನಿಜವಾಗಿಯೇ ಗುದ್ದಿದರು. ಮೊದಲ ಬಾಂಡನ ವೇಷವನ್ನೇ ತೊಟ್ಟು ಬಂದು ಎರಡನೆಯ ಬಾಂಡ್ ಆದವರು ಅವರು. ಒಂದೇ ಚಿತ್ರ ಮಾಡಿ ಬಿಟ್ಟರು.

ಆಮೇಲಿನ ಎರಡು ಪ್ರಸಂಗಗಳನ್ನು ಮುಖವಾಗಲೀ ಅಭಿನಯವಾಗಲೀ ನಿರ್ಧರಿಸಲಿಲ್ಲ. ‘ಡೈಮಂಡ್ಸ್ ಆರ್ ಫಾರೆವರ್’ ಚಿತ್ರಕ್ಕೆ ಜಾನ್ ಗ್ಯಾವಿನ್ ಎಂಬ ಅಮೆರಿಕನ್ ನಟ ಸಹಿಯನ್ನೇ ಹಾಕಿದ್ದರು. ಯುನೈಟೆಡ್ ಆರ್ಟಿಸ್ಟ್ಸ್ ಕಂಪನಿ 12.5 ಲಕ್ಷ ಡಾಲರ್ ಕೊಟ್ಟು ಕಾನರಿ ಅವರನ್ನು ವಾಪಸು ಕರೆಸಿತು. ಆ ಹಣವನ್ನು ಕಾನರಿ ಸ್ಕಾಟಿಷ್ ಶಿಕ್ಷಣ ದತ್ತಿಗೆ ಕೊಟ್ಟರು. ಗ್ಯಾವಿನ್ ಅವರಿಗೆ ಒಪ್ಪಿದ ಸಂಭಾವನೆ ಸಂದಿತು, ಪಾತ್ರ ಸಿಗಲಿಲ್ಲ. ಹತ್ತು ವರ್ಷದ ಮೇಲೆ ಅವರು ಮೆಕ್ಸಿಕೊಗೆ ಅಮೆರಿಕದ ರಾಯಭಾರಿಯಾದರು. 1986ರಲ್ಲಿ ಬ್ರಾಸ್ನನ್ ಅವರೇ ಬಾಂಡ್ ಎಂದು ಗೊತ್ತಾಗಿತ್ತು. ಅವರ ‘ರೆಮಿಂಗ್ಟನ್ ಸ್ಟೀಲ್’ ಧಾರಾವಾಹಿಯನ್ನು ಎನ್‌ಬಿಸಿ ಆಗಷ್ಟೇ ನಿಲ್ಲಿಸಿತ್ತು. ಆದರೆ 60 ದಿನಗಳೊಳಗೆ ಮತ್ತೆ ಶುರುಮಾಡುವ ಹಕ್ಕು ಒಪ್ಪಂದದಲ್ಲಿತ್ತು. ಬಾಂಡ್ ಸುದ್ದಿಯಿಂದಲೇ ಧಾರಾವಾಹಿಗೆ ಹೊಸ ಜೀವ ಬಂತು, ಗಡುವಿನ ಕೊನೆಯ ಗಳಿಗೆಯಲ್ಲಿ ಎನ್‌ಬಿಸಿ ಹಕ್ಕು ಚಲಾಯಿಸಿತು. ನಿರ್ಮಾಪಕ ಆಲ್ಬರ್ಟ್ ಬ್ರೊಕೊಲಿ ಹಿಂದೆ ಸರಿದರು, ಡಾಲ್ಟನ್ ಬಂದರು. ಧಾರಾವಾಹಿ ಮುಂದಿನ ವರ್ಷವೇ ಮುಗಿದುಹೋಯಿತು. ಬ್ರಾಸ್ನನ್ ಇನ್ನೂ ಒಂಬತ್ತು ವರ್ಷ ಕಾದರು.

ಈ ಕೈಬದಲಾವಣೆಯ ಪದ್ಧತಿ ಎಷ್ಟು ವಿಶೇಷವೆಂದು ಕನ್ನಡದ ಉದಾಹರಣೆಯಿಂದ ಚೆನ್ನಾಗಿ ತಿಳಿಯುತ್ತದೆ. ಬಾಂಡ್ ಚಿತ್ರಗಳ ಅಲೆಯಲ್ಲೇ 1968ರಲ್ಲಿ ದೊರೈ-ಭಗವಾನ್ ಜೋಡಿ ‘ಜೇಡರ ಬಲೆ’ ತೆಗೆದರು. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, ಕೊನೆಗೆ 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ನಾಲ್ಕರಲ್ಲೂ 999 ಆಗಿದ್ದವರು ರಾಜಕುಮಾರ್. ಅವರು ಕಾನರಿಗಿಂತ ಒಂದು ವರ್ಷ ದೊಡ್ಡವರು. ‘ಜೇಡರ ಬಲೆ’ಗೆ ಎರಡು ವರ್ಷ ಮುಂಚೆ ‘ಮಂತ್ರಾಲಯ ಮಹಾತ್ಮೆ’ಯಲ್ಲಿ ರಾಘವೇಂದ್ರ ಸ್ವಾಮಿಗಳಾಗಿ ನಿಂತು ಜನ ಕೈಮುಗಿಯುವಂತೆ ಮಾಡಿದ್ದರು, ಅದೇ ಜನ ಪಿಸ್ತೂಲು ಹಿಡಿದ 999ಗೂ ಶಿಳ್ಳೆ ಹೊಡೆದರು. ಅವರು ಆ ಪಾತ್ರ ಬಿಟ್ಟ ಮೇಲೆ 999 ಮುಗಿಯಿತು. ಮುಂದಿನ 999 ಯಾರು ಎಂದು ಕನ್ನಡದಲ್ಲಿ ಯಾರೂ ಜಗಳವಾಡಿದ್ದು ನಾನು ಕೇಳಿಲ್ಲ. ನಮ್ಮ ಸಿನಿಮಾದಲ್ಲಿ ಪಾತ್ರ ನಟನಿಗೆ ಸೇರಿದ್ದು.

ಯಕ್ಷಗಾನದಲ್ಲಿ ಹಾಗಲ್ಲ. ಅಲ್ಲಿ ‘ಚಿಟ್ಟಾಣಿಯವರ ಭಸ್ಮಾಸುರ’, ‘ಶಿವರಾಮ ಹೆಗಡೆಯವರ ಕೌರವ’ ಎಂದು ಷಷ್ಠಿ ವಿಭಕ್ತಿ ಹಚ್ಚಿಯೇ ಮಾತಾಡುತ್ತೇವೆ. ಕೌರವ ಒಬ್ಬನೇ, ಕಟ್ಟುವವರು ಹಲವರು. ರಾತ್ರಿಯಿಡೀ ನೋಡಿ ಬೆಳಿಗ್ಗೆ ಚಹದಂಗಡಿಯಲ್ಲಿ ಯಾರ ಕೌರವ ಮೇಲೆಂದು ಗಂಟೆಗಟ್ಟಲೆ ವಾದಿಸುತ್ತೇವೆ. ‘ಕಾನರಿಯ ಬಾಂಡ್’, ‘ಮೂರ್‌ನ ಬಾಂಡ್’ ಎನ್ನುವವರ ವ್ಯಾಕರಣವೂ ಅದೇ. ಈ ವಾದವನ್ನು ಚಿಲ್ಲರೆಯೆಂದು ಕರೆಯುವವರ ಜೊತೆ ನನಗೆ ಒಮ್ಮತವಿಲ್ಲದ್ದು ಇದಕ್ಕೇ. ಪಾತ್ರ ಬೇರೆ, ವೇಷ ಬೇರೆ ಎಂಬ ವಿವೇಕ ಇದ್ದವರು ಮಾತ್ರ ಹೀಗೆ ವಾದಿಸಬಲ್ಲರು.

ಕೊನೆಯದಾಗಿ ಪರೀಕ್ಷೆಯ ಕೋಣೆ. ಬಾಂಡ್ ಪಾತ್ರದ ಸ್ಕ್ರೀನ್ ಟೆಸ್ಟಿಗೆ ದಶಕಗಳಿಂದ ಬಳಸುತ್ತ ಬಂದಿರುವ ದೃಶ್ಯ ‘ಫ್ರಮ್ ರಷ್ಯಾ ವಿತ್ ಲವ್’ ಚಿತ್ರದ್ದು. ಇಸ್ತಾಂಬುಲ್ಲಿನ ಹೋಟೆಲ್ ಕೋಣೆ. ಬಾಂಡ್ ಸ್ನಾನಕ್ಕೆ ಹೊರಟಿದ್ದಾನೆ, ಏನೋ ಸದ್ದಾಗುತ್ತದೆ, ಟವೆಲ್ ಸುತ್ತಿಕೊಂಡು ಪಿಸ್ತೂಲು ಹಿಡಿದು ಬರುತ್ತಾನೆ. ಹಾಸಿಗೆಯಲ್ಲಿ ನಾಯಕಿ ಟಟಿಯಾನಾ ಮಲಗಿದ್ದಾಳೆ. 1982ರಲ್ಲಿ, ಮೂರ್ ಬಿಡುತ್ತಾರೆಂಬ ಸುದ್ದಿಯಿದ್ದಾಗ, ‘ಆಕ್ಟೊಪಸ್ಸಿ’ಗಾಗಿ ಜೇಮ್ಸ್ ಬ್ರೋಲಿನ್ ಎಂಬ ಅಮೆರಿಕನ್ ನಟ ನಟಿ ಮೋಡ್ ಆಡಮ್ಸ್ ಜೊತೆ ಈ ದೃಶ್ಯವನ್ನು ಮಾಡಿ ತೋರಿಸಿದರು. ಚೆನ್ನೈನ ಟೆನಿಸ್ ಆಟಗಾರ ವಿಜಯ್ ಅಮೃತರಾಜ್ ಜೊತೆಗೂ ಒಂದು ದೃಶ್ಯ ತೆಗೆದರು. ಆ ತುಣುಕುಗಳು ಉಳಿದಿವೆ, ಹಲವು ಸಲ ನೋಡಿದ್ದೇನೆ. ಬ್ರೋಲಿನ್ ಚೆನ್ನಾಗಿಯೇ ಮಾಡಿದ್ದಾರೆ, ಉಚ್ಚಾರಣೆ ಮಾತ್ರ ಪೂರ್ತಿ ಅಮೆರಿಕದ್ದು. ಲಂಡನ್ನಿಗೆ ಮನೆ ಬದಲಿಸಲು ಅವರು ಸಿದ್ಧರಾಗಿದ್ದಾಗ ಮೂರ್ ಮತ್ತೆ ಒಪ್ಪಿಕೊಂಡರು. ‘ಆಕ್ಟೊಪಸ್ಸಿ’ಯಲ್ಲಿ ಉದಯಪುರದ ಅರಮನೆಗಳ ನಡುವೆ ಓಡಾಡಿದ್ದು ಮೂರ್ ಅವರೇ.

ಆ ದೃಶ್ಯವನ್ನೇ ಏಕೆ ಆರಿಸಿದರೆಂದು ಒಮ್ಮೆ ನೋಡಿದರೆ ತಿಳಿಯುತ್ತದೆ. ಅದರಲ್ಲಿ ಸಿಂಕ್ಲೇರ್ ಹೊಲಿದ ಸೂಟಿಲ್ಲ, ಕಾರಿಲ್ಲ, ಯಂತ್ರತಂತ್ರವಿಲ್ಲ. ಒಂದು ಟವೆಲ್, ಒಂದು ಪಿಸ್ತೂಲು, ಬಾಗಿಲಿಂದ ಹಾಸಿಗೆಯವರೆಗಿನ ಆರೇಳು ಹೆಜ್ಜೆ, ಅಪರಿಚಿತಳೊಬ್ಬಳ ಜೊತೆ ನಾಲ್ಕು ಮಾತು. ಮೂಲ ಚಿತ್ರದಲ್ಲಿ ಆ ಹಾಸಿಗೆಯೆದುರು ದೊಡ್ಡ ಕನ್ನಡಿಯಿದೆ. ಅದರ ಹಿಂದೆ ಕತ್ತಲಲ್ಲಿ ಕ್ಯಾಮೆರಾ ಇಟ್ಟುಕೊಂಡು ಕೂತವರು ಈ ಮನುಷ್ಯ ನಡೆದು ಬರುವುದನ್ನು ಸದ್ದಿಲ್ಲದೆ ಚಿತ್ರಿಸಿಕೊಳ್ಳುತ್ತಿದ್ದಾರೆ.